ಲಯರ್ಟೀಸ್ ಪಾತ್ರಕ್ಕೆ ಯಾವ 'ಹ್ಯಾಮ್ಲೆಟ್' ಪ್ರತಿ? ಫೋಲ್ಜರ್ ಉಚಿತ ಆವೃತ್ತಿಯ ವಿಮರ್ಶೆ

ಹ್ಯಾಮ್ಲೆಟ್ ಪಾತ್ರಕ್ಕೆ 1,400ಕ್ಕೂ ಹೆಚ್ಚು ಸಾಲುಗಳಿವೆ. ಹ್ಯಾಮ್ಲೆಟನ ಕೈಯಲ್ಲಿ ಸಾಯುವ ಪೊಲೋನಿಯಸನ ಮಗ, ಓಫೀಲಿಯಾಳ ಅಣ್ಣ ಲಯರ್ಟೀಸನಿಗೆ ಇರುವುದು ಸುಮಾರು 200. ಯಾವ ಪ್ರತಿ ಹಿಡಿದರೂ ಹ್ಯಾಮ್ಲೆಟ್ ಹ್ಯಾಮ್ಲೆಟ್ಟೇ ಆಗಿರುತ್ತಾನೆ. ಹತ್ತಿಪ್ಪತ್ತು ಸಾಲು ಹೋದರೂ ಬಂದರೂ ಆ ಪಾತ್ರ ತಡೆದುಕೊಳ್ಳುತ್ತದೆ. ಲಯರ್ಟೀಸನ ಸ್ಥಿತಿ ಹಾಗಿಲ್ಲ. ಅವನ ಬಾಯಿಂದ ಮೂರು ಸಾಲು ತೆಗೆದರೆ ತಂಗಿಯ ಮೇಲಿನ ಪ್ರೀತಿ ತೆಳುವಾಗುತ್ತದೆ, ಇನ್ನೊಂದು ಕಡೆ ಮೂರು ಸಾಲು ಸೇರಿಸಿದರೆ ಸೇಡಿನ ಹೊಣೆ ದುಪ್ಪಟ್ಟಾಗುತ್ತದೆ. ಹಾಗಾಗಿ ಈ ಪಾತ್ರಕ್ಕೆ ಕೂರುವ ನಟ ಮೊದಲು ನೋಡಬೇಕಾದದ್ದು ಕೈಯಲ್ಲಿರುವ ಪ್ರತಿ ಯಾವುದು ಎಂಬುದನ್ನು. ಧ್ವನಿ, ಕತ್ತಿ, ವೇಷ ಎಲ್ಲ ಆಮೇಲೆ.

ವಾಷಿಂಗ್ಟನ್ ನಗರದ ಫೋಲ್ಜರ್ ಷೇಕ್ಸ್‌ಪಿಯರ್ ಗ್ರಂಥಾಲಯ ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುವ 'ಹ್ಯಾಮ್ಲೆಟ್' ಪಠ್ಯವನ್ನು ಇಲ್ಲಿ ನೋಡುತ್ತಿರುವುದು ಇದೇ ಒಂದು ಪಾತ್ರದ ಕಡೆಯಿಂದ. ಇಡೀ ನಾಟಕ ಓದಲು ಯಾವುದು ಒಳ್ಳೆಯ ಪ್ರತಿ ಎಂಬುದು ಬೇರೆ ಚರ್ಚೆ.

ಹಿನ್ನೆಲೆ ಚುಟುಕಾಗಿ. ಈ ನಾಟಕದ ಹಳೆಯ ಮುದ್ರಣಗಳು ಮೂರು: 1603ರ ಮೊದಲ ಕ್ವಾರ್ಟೊ, 1604-05ರ ಎರಡನೇ ಕ್ವಾರ್ಟೊ, 1623ರ ಫೋಲಿಯೊ. ಕ್ವಾರ್ಟೊ ಎಂದರೆ ಚಿಕ್ಕ ಅಳತೆಯ ಬಿಡಿ ಪುಸ್ತಕ, ಫೋಲಿಯೊ ಎಂದರೆ ನಾಟಕಗಳನ್ನು ಒಟ್ಟುಗೂಡಿಸಿದ ದೊಡ್ಡ ಅಳತೆಯ ಸಂಪುಟ. ಮೊದಲನೆಯದು ತೀರ ಚಿಕ್ಕದು, ಅದರ ಎರಡೇ ಎರಡು ಪ್ರತಿಗಳು ಉಳಿದಿವೆ. ಎರಡನೇ ಕ್ವಾರ್ಟೊದಲ್ಲಿರುವ ಕೆಲವು ಭಾಗ ಫೋಲಿಯೊದಲ್ಲಿಲ್ಲ, ಫೋಲಿಯೊದಲ್ಲಿರುವ ಕೆಲವು ಎರಡನೇ ಕ್ವಾರ್ಟೊದಲ್ಲಿಲ್ಲ. ಬಾರ್ಬರಾ ಮೋವಟ್ ಮತ್ತು ಪಾಲ್ ವರ್ಸ್ಟೀನ್ ಸಂಪಾದಿಸಿದ ಫೋಲ್ಜರ್ ಪಠ್ಯ ಎರಡನೇ ಕ್ವಾರ್ಟೊವನ್ನು ತಳಹದಿಯಾಗಿ ಇಟ್ಟುಕೊಂಡು ಫೋಲಿಯೊದ ಸಾಲುಗಳನ್ನೂ ಒಳಗೆ ತರುತ್ತದೆ. ಬೆರಕೆ ಮಾಡಿದ್ದನ್ನು ಅದು ಮುಚ್ಚಿಡುವುದಿಲ್ಲ. ಎರಡನೇ ಕ್ವಾರ್ಟೊದಲ್ಲಿ ಮಾತ್ರ ಇರುವ ಸಾಲಿಗೆ ಚೌಕ ಕಂಸ [ ], ಫೋಲಿಯೊದಿಂದ ಬಂದದ್ದಕ್ಕೆ ಮೊನೆಕಂಸ ⟨ ⟩, ಎರಡರಲ್ಲೂ ಇಲ್ಲದೆ ಸಂಪಾದಕರು ಸೇರಿಸಿದ್ದಕ್ಕೆ ಅರ್ಧಕಂಸ ⌜ ⌝. ಈ ಮೂರು ಗುರುತೇ ಈ ಪ್ರತಿಯ ನಿಜವಾದ ಬೆಲೆ, ಲಯರ್ಟೀಸನ ನಟನಿಗಂತೂ ಅದೇ ಸರ್ವಸ್ವ.

ನಾಟಕದ 20 ದೃಶ್ಯಗಳಲ್ಲಿ ಲಯರ್ಟೀಸ್ ಬರುವುದು ಆರರಲ್ಲಿ: ಮೊದಲ ಅಂಕದ 2 ಮತ್ತು 3, ನಾಲ್ಕನೇ ಅಂಕದ 5 ಮತ್ತು 7, ಐದನೇ ಅಂಕದ ಎರಡೂ. ನಡುವಿನ ಎರಡು ಅಂಕಗಳಲ್ಲಿ ಅವನು ಫ್ರಾನ್ಸಿನಲ್ಲಿದ್ದಾನೆ. ಪ್ರೇಕ್ಷಕರು ಅವನನ್ನು ಮರೆತೇಬಿಡುವ ಹೊತ್ತಿಗೆ ಬಾಗಿಲು ಮುರಿದು ನುಗ್ಗುತ್ತಾನೆ. ಈ ಬಿಡುವನ್ನು ತಂಡಗಳು ಇನ್ನೊಂದು ವೇಷಕ್ಕೆ ಬಳಸಿಕೊಳ್ಳುವುದುಂಟು. ಹಾಗೆ ಮಾಡುವುದಾದರೆ ಮೂರನೇ ಅಂಕದ ನಾಟಕದೊಳಗಿನ ನಾಟಕದಲ್ಲಿ ವಿಷ ಹಾಕುವ ಲೂಸಿಯಾನಸ್ ಒಳ್ಳೆಯ ಆಯ್ಕೆ. ಅಲ್ಲಿ ವಿಷದ ಶೀಸೆ ಹಿಡಿದ ಕೈಯೇ ಕೊನೆಯಲ್ಲಿ ವಿಷ ಸವರಿದ ಕತ್ತಿ ಹಿಡಿಯುತ್ತದೆ.

ಈಗ ಕಂಸಗಳ ಕೆಲಸವನ್ನು ಪಾತ್ರದ ಮೇಲೆ ಇಟ್ಟು ನೋಡೋಣ.

ಮೊದಲ ಪ್ರವೇಶದಲ್ಲಿ ಲಯರ್ಟೀಸ್ ರಾಜ ಕ್ಲಾಡಿಯಸನ ಬಳಿ ಫ್ರಾನ್ಸಿಗೆ ಮರಳಲು ಅಪ್ಪಣೆ ಕೇಳುತ್ತಾನೆ. ಅಪ್ಪನ ಒಪ್ಪಿಗೆ ಇದೆಯೇ ಎಂದು ರಾಜ ವಿಚಾರಿಸುತ್ತಾನೆ. ಕಾಡಿ ಬೇಡಿ ನನ್ನಿಂದ ಒಪ್ಪಿಗೆ ಹಿಂಡಿಕೊಂಡ ಎಂದು ಪೊಲೋನಿಯಸ್ ಹೇಳುವ ಎರಡು ಮೂರು ಸಾಲು ಚೌಕ ಕಂಸದಲ್ಲಿದೆ. ಚಿಕ್ಕ ವಿಷಯದಂತೆ ಕಾಣುತ್ತದೆ. ಆದರೆ ಹಟ ಹಿಡಿದು ಬೇಕಾದ್ದನ್ನು ಪಡೆಯುವ ಹುಡುಗ ಎಂಬ ಮೊದಲ ಸುಳಿವು ಇಲ್ಲಿಯೇ ಇದೆ. ಫೋಲಿಯೊ ಹಿಡಿದ ತಂಡಕ್ಕೆ ಈ ಸುಳಿವು ಸಿಗುವುದಿಲ್ಲ.

ನಾಲ್ಕನೇ ಅಂಕದ ಐದನೇ ದೃಶ್ಯದಲ್ಲಿ ಜನ ಕಟ್ಟಿಕೊಂಡು ಅರಮನೆಗೆ ನುಗ್ಗುತ್ತಾನೆ. ಅವನೇ ರಾಜನಾಗಲಿ ಎಂಬ ಕೂಗು ಹೊರಗಿದೆ. ರಾಜನಿಷ್ಠೆ, ಮನಸ್ಸಾಕ್ಷಿ, ದೇವರ ಕೃಪೆ ಎಲ್ಲವನ್ನೂ ನರಕಕ್ಕೆ ತಳ್ಳಿ ಅಪ್ಪನ ಸಾವಿಗೆ ಲೆಕ್ಕ ಕೇಳುತ್ತಾನೆ. ಅಷ್ಟರಲ್ಲಿ ಬುದ್ಧಿ ಕದಡಿದ ಓಫೀಲಿಯಾ ಬರುತ್ತಾಳೆ. ಆಗ ಲಯರ್ಟೀಸ್ ಹೇಳುವ ಮೂರು ಸಾಲು, ಪ್ರೀತಿಸುವ ಜೀವ ತನ್ನ ಒಂದು ಚೂರನ್ನು ಹೋದವರ ಹಿಂದೆಯೇ ಕಳಿಸಿಕೊಡುತ್ತದೆ ಎಂಬ ಅರ್ಥದ್ದು, ಫೋಲಿಯೊದಲ್ಲಿ ಮಾತ್ರ ಇದೆ, ಮೊನೆಕಂಸದೊಳಗೆ. ಇಡೀ ಪಾತ್ರದಲ್ಲಿ ಲಯರ್ಟೀಸ್ ಕೂಗದೆ, ಯಾರನ್ನೂ ಬೆದರಿಸದೆ, ತಾನು ಕಂಡದ್ದನ್ನು ಯೋಚಿಸಿ ಹೇಳುವ ಜಾಗಗಳು ಬೆರಳೆಣಿಕೆಯವು, ಅದರಲ್ಲಿ ಇದೊಂದು. ಇದನ್ನು ಕತ್ತರಿಸುವ ನಿರ್ದೇಶಕರು ಮರುಯೋಚಿಸಬೇಕು. ಈ ಸಾಲುಗಳಿಲ್ಲದಿದ್ದರೆ ದೃಶ್ಯ ಕೂಗಿನಿಂದ ಕೂಗಿಗೆ ಹಾರುತ್ತದೆ, ನಟನಿಗೆ ಉಸಿರು ಇಳಿಸುವ ಜಾಗವೇ ಉಳಿಯುವುದಿಲ್ಲ.

ಈ ಪಾತ್ರದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಇದೇ. ಐದನೇ ದೃಶ್ಯದಲ್ಲಿ ಗಂಟಲು ಪೂರ್ತಿ ಖರ್ಚು ಮಾಡಿ ಏಳನೇ ದೃಶ್ಯಕ್ಕೆ ಬರಿಗೈಯಲ್ಲಿ ಬರುವುದು. ಏಳನೆಯದು ಪಾತ್ರದ ಹೃದಯ. ಅಲ್ಲಿ ಲಯರ್ಟೀಸನ ಕೆಲಸ ಬಹುಪಾಲು ಕೇಳಿಸಿಕೊಳ್ಳುವುದು. ಕ್ಲಾಡಿಯಸ್ ಅವನ ಕೋಪವನ್ನು ಕೈಗೆ ತೆಗೆದುಕೊಂಡು, ತಟ್ಟಿ, ತನಗೆ ಬೇಕಾದ ಆಕಾರಕ್ಕೆ ತರುತ್ತಾನೆ. ಫೋಲ್ಜರ್ ಪುಟದಲ್ಲಿ ಈ ದೃಶ್ಯದ ಚೌಕ ಕಂಸಗಳನ್ನು ಗುರುತು ಹಾಕಿಕೊಂಡು ಓದಿದರೆ ರಾಜನ ಕೈಚಳಕ ಹಂತ ಹಂತವಾಗಿ ಕಾಣುತ್ತದೆ.

ಮೊದಲ ಕಂಸ ಸುಮಾರು 14 ಸಾಲಿನದು. ನೀವು ಹೇಳಿದಂತೆ ನಡೆಯುತ್ತೇನೆ, ಆದರೆ ಆ ಕೆಲಸಕ್ಕೆ ನಾನೇ ಕರಣವಾಗುವಂತೆ (ಸಾಧನವಾಗುವಂತೆ) ಉಪಾಯ ಹೂಡಿ ಎಂದು ಲಯರ್ಟೀಸ್ ತಾನಾಗಿ ಕೇಳುವುದು ಇಲ್ಲಿ. ಫೋಲಿಯೊದಲ್ಲಿ ಈ ಬೇಡಿಕೆ ಇಲ್ಲ. ಅಲ್ಲಿ ರಾಜ ನೇರವಾಗಿ ನಾರ್ಮಂಡಿಯ ಕುದುರೆ ಸವಾರನ ಕಥೆ ಎತ್ತಿಕೊಳ್ಳುತ್ತಾನೆ. ಎರಡನೇ ಕ್ವಾರ್ಟೊದ ಲಯರ್ಟೀಸ್ ಅರ್ಜಿ ಹಾಕಿಕೊಂಡ ಕೊಲೆಗಾರ, ಫೋಲಿಯೊದವನು ಸೆಳೆತಕ್ಕೆ ಸಿಕ್ಕವನು. ಎರಡನ್ನೂ ಒಟ್ಟಿಗೆ ಅಭಿನಯಿಸಲು ಆಗುವುದಿಲ್ಲ, ಒಂದನ್ನು ಆರಿಸಿಕೊಳ್ಳಲೇಬೇಕು.

ಮುಂದಿನ ದೊಡ್ಡ ಕಂಸ 10 ಸಾಲಿನದು. ಪ್ರೀತಿಯ ಉರಿಯೊಳಗೇ ಅದನ್ನು ಕುಗ್ಗಿಸುವ ಬತ್ತಿಯ ಕರಿ ಇರುತ್ತದೆ, ಮಾಡಬೇಕೆನಿಸಿದ್ದನ್ನು ಅನಿಸಿದಾಗಲೇ ಮಾಡಬೇಕು, ತಡಮಾಡಿದರೆ ಮನಸ್ಸು ಮಾರ್ಪಡುತ್ತದೆ ಎಂದು ಕ್ಲಾಡಿಯಸ್ ಪಾಠ ಹೇಳುತ್ತಾನೆ. ಲಯರ್ಟೀಸನಿಗೆ ಇಲ್ಲಿ ಒಂದೂ ಮಾತಿಲ್ಲ. ನಟನಿಗೆ ಮಾತ್ರ ಈ ಹತ್ತು ಸಾಲು ಚಿನ್ನ. ಅಪ್ಪನ ಮೇಲೆ ನಿನಗೆ ನಿಜವಾಗಿ ಪ್ರೀತಿ ಇತ್ತೇ ಅಥವಾ ನಿನ್ನದು ದುಃಖದ ಚಿತ್ರ ಮಾತ್ರವೇ ಎಂದು ರಾಜ ಆಗ ತಾನೇ ಚುಚ್ಚಿದ್ದಾನೆ. ಆ ಚುಚ್ಚು ಒಳಗಿಳಿಯಲು ಸಮಯ ಬೇಕು, ಈ ಹತ್ತು ಸಾಲು ಆ ಸಮಯ. ಅದಾದ ಮೇಲೆಯೇ, ಏನು ಮಾಡಲು ಸಿದ್ಧನಿದ್ದೀಯ ಎಂಬ ಪ್ರಶ್ನೆಗೆ ಚರ್ಚಿನೊಳಗೇ ಹ್ಯಾಮ್ಲೆಟನ ಕತ್ತು ಕೊಯ್ಯುತ್ತೇನೆ ಎಂಬ ಉತ್ತರ ಬರುತ್ತದೆ. ಮೌನವಿಲ್ಲದೆ ಬಂದ ಉತ್ತರ ಬರೀ ಅಬ್ಬರವಾಗಿ ಕೇಳಿಸುತ್ತದೆ.

ಕನ್ನಡ ಓದುಗರಿಗೆ ಇಲ್ಲಿ ಅಶ್ವತ್ಥಾಮ ನೆನಪಾಗುವುದು ಸಹಜ. ಮೋಸದಿಂದ ಹತನಾದ ತಂದೆ, ಎಲ್ಲೆ ಮೀರಿದ ಸೇಡು, ಪವಿತ್ರವಾದ ಹೊತ್ತನ್ನೂ ಜಾಗವನ್ನೂ ಲೆಕ್ಕಿಸದ ಕೈ. ಮಲಗಿದ್ದ ಉಪಪಾಂಡವರನ್ನು ಕೊಂದ ರಾತ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಚರ್ಚಿನ ಮಾತನ್ನು ಹೇಳಿ ನೋಡಿದರೆ ಧ್ವನಿ ತಾನಾಗಿ ಕೆಳಗಿಳಿಯುತ್ತದೆ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಅಶ್ವತ್ಥಾಮ ಬದುಕಿ ಉಳಿದು ಅಲೆಯುತ್ತಾನೆ, ಲಯರ್ಟೀಸನಿಗೆ ಕ್ಷಮೆ ಕೇಳುವ ಅರ್ಧ ನಿಮಿಷ ಸಿಗುತ್ತದೆ.

ಇದೇ ದೃಶ್ಯದಲ್ಲಿ ಫೋಲ್ಜರ್ ಪ್ರತಿಯ ದೊಡ್ಡ ಕೊರತೆಯೂ ಇದೆ. ಹ್ಯಾಮ್ಲೆಟನನ್ನು ಕತ್ತಿಯಾಟದ ಪಂದ್ಯದಲ್ಲಿ ಕೊಲ್ಲುವ ಸಂಚಿನ ಹಂಚಿಕೆ ಹೀಗೆ: ಮೊನೆಗೆ ರಕ್ಷಣೆಯ ಗುಂಡಿ (ಬಟನ್) ಹಾಕದ ಕತ್ತಿ ರಾಜನ ಉಪಾಯ, ಆ ಕತ್ತಿಗೆ ವಿಷ ಸವರುವುದು ಲಯರ್ಟೀಸನ ಸ್ವಂತ ಸೇರ್ಪಡೆ, ವಿಷದ ಬಟ್ಟಲು ಮತ್ತೆ ರಾಜನದು. ಊರೂರು ತಿರುಗಿ ಮದ್ದು ಮಾರುವವನೊಬ್ಬನಿಂದ ಲಯರ್ಟೀಸ್ ಆ ವಿಷವನ್ನು ಮೊದಲೇ ಕೊಂಡಿಟ್ಟಿದ್ದಾನೆ. ಆದರೆ 1603ರ ಕ್ವಾರ್ಟೊದಲ್ಲಿ ವಿಷದ ಕತ್ತಿಯೂ ರಾಜನದೇ ಯೋಚನೆ, ಅಲ್ಲಿ ಈ ಹುಡುಗ ತಲೆಯಾಡಿಸುತ್ತಾನೆ ಅಷ್ಟೆ. ಪಾತ್ರದ ಪಾಪವನ್ನು ತೂಗಲು ಇದಕ್ಕಿಂತ ಮುಖ್ಯವಾದ ಪಾಠಾಂತರ ಇನ್ನೊಂದಿಲ್ಲ, ಮೂರು ಬಗೆಯ ಕಂಸಗಳಲ್ಲಿ ಯಾವುದೂ ಅದನ್ನು ತೋರಿಸುವುದಿಲ್ಲ. ಅದು ಬೇಕಾದರೆ ವಿಕ್ಟೋರಿಯಾ ವಿಶ್ವವಿದ್ಯಾಲಯದ ಇಂಟರ್ನೆಟ್ ಷೇಕ್ಸ್‌ಪಿಯರ್ ಎಡಿಷನ್ಸ್‌ನಲ್ಲಿ ಮೊದಲ ಕ್ವಾರ್ಟೊದ ಅಕ್ಷರಶಃ ಪಠ್ಯ ಉಚಿತವಾಗಿದೆ. ಕಾಗುಣಿತ ಹಳೆಯದು, ಲಯರ್ಟೀಸನ ಹೆಸರು ಕೂಡ ಅಲ್ಲಿ 'ಲೆಯಾರ್ಟೀಸ್' ಎಂಬಂತೆ ಅಕ್ಷರ ಅದಲುಬದಲಾಗಿ ಬರುತ್ತದೆ. ಹುಡುಕುವಾಗ ಇದು ನೆನಪಿರಲಿ.

ಐದನೇ ಅಂಕದ ಮೊದಲಿಗೆ ಬರುವ ಓಫೀಲಿಯಾಳ ಸಮಾಧಿಯ ದೃಶ್ಯದಲ್ಲಿ ರಂಗಸೂಚನೆಗಳನ್ನು ಎಚ್ಚರದಿಂದ ಓದಬೇಕು. ಲಯರ್ಟೀಸ್ ಗುಂಡಿಗೆ ಹಾರುವ ಸೂಚನೆ ಫೋಲಿಯೊದ್ದು. ಹ್ಯಾಮ್ಲೆಟ್ ಕೂಡ ಅವನ ಹಿಂದೆ ಹಾರಿದ ಎಂಬುದು 1603ರ ಪ್ರತಿಯಲ್ಲಿ ಮಾತ್ರ ಇದೆ. ಗಂಟಲಿನಿಂದ ಬೆರಳು ತೆಗೆ ಎಂದು ಹ್ಯಾಮ್ಲೆಟ್ ಹೇಳುವುದರಿಂದ ಕೈ ಎಲ್ಲಿರಬೇಕು ಎಂಬುದು ಮಾತಿನಲ್ಲೇ ಸಿಗುತ್ತದೆ, ಮೊದಲು ಮೈಮೇಲೆ ಬಿದ್ದವನು ಲಯರ್ಟೀಸ್ ಎಂಬುದೂ ಸಿಗುತ್ತದೆ. ನೆಲದಲ್ಲಿ ಬಾಗಿಲಿಲ್ಲದ ರಂಗಮಂದಿರಗಳಲ್ಲಿ ಎರಡು ಎತ್ತರದ ಕಟ್ಟೆಗಳ ನಡುವಿನ ಸಂದನ್ನೇ ಗುಂಡಿ ಮಾಡಬೇಕಾಗುತ್ತದೆ. ಇಬ್ಬರು ನಟರು ಅದರೊಳಗೆ ಸೆಣಸಬೇಕೋ, ಅಂಚಿನ ಮೇಲೋ ಎಂಬುದನ್ನು ಕಟ್ಟೆ ಹೊಡೆಸುವ ಮುನ್ನವೇ ತೀರ್ಮಾನಿಸಿ.

ಕೊನೆಯ ದೃಶ್ಯದಲ್ಲಿ ಕಂಸಗಳು ಮತ್ತೆ ಬಹಳ ಕೆಲಸ ಮಾಡುತ್ತವೆ. ನನ್ನ ಕಥೆಯ ಪ್ರತಿಬಿಂಬದಲ್ಲಿ ಅವನ ಕಥೆ ಕಾಣುತ್ತಿದೆ, ಲಯರ್ಟೀಸನ ಮುಂದೆ ನಾನು ಮೈಮರೆತದ್ದಕ್ಕೆ ವಿಷಾದವಿದೆ ಎಂದು ಹ್ಯಾಮ್ಲೆಟ್ ಗೆಳೆಯ ಹೊರೇಷಿಯೊಗೆ ಹೇಳುವುದು ಮೊನೆಕಂಸದಲ್ಲಿದೆ, ಅಂದರೆ ಫೋಲಿಯೊದಲ್ಲಿ ಮಾತ್ರ. ಎರಡನೇ ಕ್ವಾರ್ಟೊದಲ್ಲಿ ಅದಿಲ್ಲ. ಅದರ ಬದಲು ಒಬ್ಬ ಸಾಮಂತ ಬಂದು, ಆಟಕ್ಕೆ ಮೊದಲು ಲಯರ್ಟೀಸನ ಜೊತೆ ನಾಲ್ಕು ಒಳ್ಳೆಯ ಮಾತಾಡಬೇಕೆಂದು ರಾಣಿ ಬಯಸುತ್ತಾಳೆ ಎಂದು ತಿಳಿಸುತ್ತಾನೆ, ಅದು ಚೌಕ ಕಂಸದಲ್ಲಿ. ಮುಂದೆ ಹ್ಯಾಮ್ಲೆಟ್ ಲಯರ್ಟೀಸನ ಬಳಿ ಕ್ಷಮೆ ಕೇಳುತ್ತಾನಲ್ಲ, ಅದು ಅವನ ಒಳಗಿನಿಂದ ಬಂದದ್ದೋ, ತಾಯಿಯ ಮಾತಿಗೆ ಮಣಿದದ್ದೋ? ಲಯರ್ಟೀಸನ ನಟ ಎದುರಿಗೆ ನಿಂತು ಏನು ಕೇಳಿಸಿಕೊಳ್ಳುತ್ತಾನೆ ಎಂಬುದು ಇದರ ಮೇಲೆ ನಿಂತಿದೆ. ಫೋಲ್ಜರ್ ಪುಟ ಎರಡನ್ನೂ ಇಟ್ಟುಕೊಂಡಿರುವುದರಿಂದ ಕಂಸ ಗಮನಿಸದ ತಂಡ ಎರಡನ್ನೂ ಆಡಿಬಿಡುತ್ತದೆ. ಆಗ ಮೊದಲೇ ಪಶ್ಚಾತ್ತಾಪ ಪಟ್ಟ ಹ್ಯಾಮ್ಲೆಟನಿಗೆ ತಾಯಿ ಪುನಃ ಬುದ್ಧಿ ಹೇಳಿ ಕಳಿಸಿದಂತಾಗುತ್ತದೆ.

ಆ ಕ್ಷಮೆಗೆ ಲಯರ್ಟೀಸ್ ಕೊಡುವ ಉತ್ತರ ಪಾತ್ರದ ಅತಿ ಕಷ್ಟದ ಮಾತು. ಮಗನಾಗಿ ನನಗೆ ಸಮಾಧಾನವಾಯಿತು, ಮರ್ಯಾದೆಯ ಲೆಕ್ಕದಲ್ಲಿ ಮಾತ್ರ ಹಿರಿಯರು ತೀರ್ಪು ಕೊಡುವ ತನಕ ದೂರವೇ ನಿಲ್ಲುತ್ತೇನೆ, ಅಲ್ಲಿಯವರೆಗೆ ನಿನ್ನ ಪ್ರೀತಿಯನ್ನು ಪ್ರೀತಿಯಾಗಿಯೇ ಸ್ವೀಕರಿಸುತ್ತೇನೆ, ಅದಕ್ಕೆ ದ್ರೋಹ ಬಗೆಯುವುದಿಲ್ಲ. ವಿಷದ ಸಂಚು ಸಿದ್ಧವಾಗಿರುವಾಗ ಇದನ್ನು ಹೇಳಬೇಕು. ಪೂರ್ತಿ ಸುಳ್ಳಾಗಿ ಹೇಳಿದರೆ ಲಯರ್ಟೀಸ್ ಖಳನಾಗಿ ಒಣಗುತ್ತಾನೆ, ಪೂರ್ತಿ ನಿಜವಾಗಿ ಹೇಳಿದರೆ ಮುಂದಿನ ಗಾಯಕ್ಕೆ ಕಾರಣ ಸಿಗುವುದಿಲ್ಲ. ಮೊದಲ ಅರ್ಧ ನಿಜ, ಕೊನೆಯ ವಾಕ್ಯ ಮಾತ್ರ ಸುಳ್ಳು ಎಂದು ಭಾಗ ಮಾಡಿಕೊಂಡರೆ ದಾರಿ ತೆರೆಯುತ್ತದೆ. ಮುಂದೆ ಮೂರನೇ ಸುತ್ತಿಗೆ ಮುನ್ನ, ಇದು ನನ್ನ ಮನಸ್ಸಾಕ್ಷಿಗೆ ಬಹುತೇಕ ವಿರುದ್ಧ ಎಂದು ತನಗೆ ತಾನೇ ಹೇಳಿಕೊಳ್ಳುವ ಸಾಲಿಗೆ ಬೀಜ ಬೀಳುವುದೂ ಇಲ್ಲಿಯೇ.

ಕತ್ತಿಯಾಟದ ಲೆಕ್ಕವನ್ನು ಪಠ್ಯ ಸ್ಪಷ್ಟವಾಗಿಯೇ ಕೊಡುತ್ತದೆ. ಪಂದ್ಯ 12 ಸುತ್ತಿನದೆಂದು ಮಾತು, ನಡೆಯುವುದು ಮೂರೇ. ಮೊದಲೆರಡು ಹ್ಯಾಮ್ಲೆಟನಿಗೆ, ಮೂರನೆಯದರಲ್ಲಿ ಇಬ್ಬರಿಗೂ ಇಲ್ಲ ಎಂದು ಆಸ್ಥಾನಿಕ ಓಸ್ರಿಕ್ ಸಾರುತ್ತಾನೆ. ಆ ಸಾರಿಕೆಯ ನಂತರ ಲಯರ್ಟೀಸ್ ಎಚ್ಚರಿಸಿ ಮೇಲೆ ಬೀಳುತ್ತಾನೆ. ಅಂದರೆ ಗಾಯ ಆಗುವುದು ಸುತ್ತು ಮುಗಿದ ಮೇಲೆ, ನಿಯಮದ ಆಚೆ. ಹಲವು ಪ್ರದರ್ಶನಗಳಲ್ಲಿ ಗಾಯವನ್ನು ಮೂರನೇ ಸುತ್ತಿನೊಳಗೇ ಮಾಡಿಸಿ ಈ ಅಂಶವನ್ನು ಕಳೆದುಕೊಳ್ಳುತ್ತಾರೆ. ಕತ್ತಿ ಅದಲುಬದಲಾಗುವ ಸೂಚನೆ ಫೋಲಿಯೊದ್ದು, ಎರಡನೇ ಕ್ವಾರ್ಟೊದಲ್ಲಿ ಅದಿಲ್ಲ. ಫೋಲ್ಜರ್ ಅದನ್ನು ಮೊನೆಕಂಸದಲ್ಲಿ ಕೊಡುತ್ತದೆ. ಹೇಗೆ ಬದಲಾಗಬೇಕು ಎಂಬುದಕ್ಕೆ ಒಂದು ಪದದ ನೆರವೂ ಇಲ್ಲ, ಅದಕ್ಕೆ ಕತ್ತಿವರಸೆ ಕಲಿಸುವವರೇ ಬೇಕು. ಕ್ರೀಡೆಯ ಫಾಯಿಲ್ ಕತ್ತಿಯ ಅಲಗು ಹೆಚ್ಚೆಂದರೆ 90 ಸೆಂ.ಮೀ., ಒಟ್ಟು ತೂಕ ಅರ್ಧ ಕಿಲೋಗಿಂತ ಕಡಿಮೆ. ಅದು ಬಳುಕುತ್ತದೆ, ಹಿಂದಿನ ಸಾಲಿನ ಪ್ರೇಕ್ಷಕರಿಗೆ ಗೆರೆಯಂತೆ ಮಾಯವಾಗುತ್ತದೆ. ಗಟ್ಟಿ ಅಲಗಿನ ಎಪೆ ಬಗೆಯದು ವಾಸಿ. ವಿಷದ ಕತ್ತಿಯ ಹಿಡಿಗೆ ಬೇರೆ ಬಣ್ಣದ ಚರ್ಮ ಸುತ್ತಿ. ನಟರಿಗೂ ಪಕ್ಕದ ರೆಕ್ಕೆಯಲ್ಲಿ ನಿಂತವರಿಗೂ ಗೊಂದಲ ಇರುವುದಿಲ್ಲ, ಕತ್ತಿ ಕೈ ಬದಲಾದದ್ದು ಪ್ರೇಕ್ಷಕರಿಗೂ ಕಾಣುತ್ತದೆ. ಗುಂಡಿ ಇಲ್ಲದ್ದೆಂದು ತೋರಬೇಕಾದ ಮೊನೆಯನ್ನು ಉಜ್ಜಿ ಮೊಂಡು ಮಾಡಲೇಬೇಕು. ಇದು ತುಂಬ ಭಾರ, ಇನ್ನೊಂದು ಕೊಡಿ ಎಂದು ಲಯರ್ಟೀಸ್ ಕತ್ತಿ ಬದಲಿಸುವ ಸಾಲನ್ನು ಅವಸರದಲ್ಲಿ ನುಂಗಬಾರದು. ಕೊಲೆಯ ಆಯ್ಕೆ ಆಗುವುದೇ ಆ ಸಾಲಿನಲ್ಲಿ.

ಇನ್ನು ಬಳಕೆಯ ವಿಷಯ. ಪಠ್ಯವನ್ನು ತೆರೆಯಲ್ಲೇ ಓದಬಹುದು, ಪಿಡಿಎಫ್, ವರ್ಡ್, ಸರಳ ಪಠ್ಯ ಮೊದಲಾದ ರೂಪಗಳಲ್ಲಿ ಇಳಿಸಿಕೊಳ್ಳಬಹುದು. ಪಿಡಿಎಫ್‌ನಲ್ಲಿ ಪ್ರತಿ ಸಾಲಿಗೂ ನಾಟಕದುದ್ದಕ್ಕೂ ಒಂದೇ ಓಟದ ಎಫ್‌ಟಿಎಲ್‌ಎನ್ ಸಂಖ್ಯೆ ಇದೆ. ರಿಹರ್ಸಲ್‌ನಲ್ಲಿ ಇದು ಬಹಳ ಅನುಕೂಲ, ಅಂಕ-ದೃಶ್ಯ ಹೇಳದೆ ಒಂದೇ ಸಂಖ್ಯೆ ಕೂಗಿದರೆ ಎಲ್ಲರೂ ಅದೇ ಸಾಲಿಗೆ ಬರುತ್ತಾರೆ. ಆದರೆ ಈ ಸಂಖ್ಯೆ ಬೇರೆ ಪ್ರಕಾಶನದ ಪುಸ್ತಕಕ್ಕೆ ಹೊಂದುವುದಿಲ್ಲ, ತಂಡದಲ್ಲಿ ಒಬ್ಬರ ಕೈಯಲ್ಲಿ ಆರ್ಡನ್, ಇನ್ನೊಬ್ಬರ ಕೈಯಲ್ಲಿ ಫೋಲ್ಜರ್ ಇದ್ದರೆ ಗಲಿಬಿಲಿ ಖಂಡಿತ.

ಪಾತ್ರದ ಚೀಟಿ ಮಾಡಿಕೊಳ್ಳಲು ವರ್ಡ್ ರೂಪ ಇಳಿಸಿ, ಆರು ದೃಶ್ಯಗಳನ್ನಷ್ಟೇ ಬೇರೆ ಕಡತಕ್ಕೆ ತೆಗೆದುಕೊಳ್ಳಿ. ಲಯರ್ಟೀಸನ ಮಾತುಗಳನ್ನೂ ಪ್ರತಿ ಮಾತಿನ ಹಿಂದಿನ ಮೂರು ನಾಲ್ಕು ಪದಗಳ ಕ್ಯೂವನ್ನೂ ಉಳಿಸಿ. ಚೌಕ ಕಂಸದ ಸಾಲಿಗೆ ಒಂದು ಬಣ್ಣ, ಮೊನೆಕಂಸದ್ದಕ್ಕೆ ಇನ್ನೊಂದು. ಎಲಿಜಬೆತ್ ಕಾಲದ ನಟರಿಗೆ ಸಿಗುತ್ತಿದ್ದದ್ದು ಇಂಥ ಚೀಟಿಯೇ, ಪೂರ್ತಿ ನಾಟಕವಲ್ಲ. ಎಡ್ವರ್ಡ್ ಆಲೆನ್ ಬಳಸಿದ ಅಂಥದ್ದೊಂದು ಸುರುಳಿ ಲಂಡನ್ನಿನ ಡಲ್ವಿಚ್ ಕಾಲೇಜಿನಲ್ಲಿ ಉಳಿದಿದೆ. ಏಳನೇ ದೃಶ್ಯಕ್ಕೆ ಮಾತ್ರ ಚೀಟಿ ಸಾಲದು, ಕ್ಲಾಡಿಯಸನ ಮಾತು ಪೂರ್ತಿ ಇರಲಿ.

ಉಚಿತ ರೂಪದಲ್ಲಿ ಇಲ್ಲದ್ದು ಪದಟಿಪ್ಪಣಿ. ಮುದ್ರಿತ ಫೋಲ್ಜರ್ ಪುಸ್ತಕದಲ್ಲಿ ಬಲಪುಟಕ್ಕೆ ಪಠ್ಯ, ಎದುರಿನ ಎಡಪುಟಕ್ಕೆ ಅರ್ಥ ಇರುತ್ತದೆ, ಜಾಲತಾಣದಲ್ಲಿ ಪಠ್ಯವೊಂದೇ. ಕನ್ನಡಕ್ಕೆ ತಾವೇ ತರುವವರಿಗೆ ಇದು ನಿಜವಾದ ತೊಡಕು. ನಾನು ನಿನ್ನ ಫಾಯಿಲ್ ಆಗುತ್ತೇನೆ ಎಂದು ಹ್ಯಾಮ್ಲೆಟ್ ಲಯರ್ಟೀಸನಿಗೆ ಹೇಳುವಲ್ಲಿ ಆ ಪದಕ್ಕೆ ಆಟದ ಕತ್ತಿ ಎಂಬ ಅರ್ಥವೂ ಇದೆ, ಹರಳಿನ ಹೊಳಪು ಹೆಚ್ಚಿಸಲು ಕೆಳಗಿಡುವ ಲೋಹದ ತಗಡು ಎಂಬ ಅರ್ಥವೂ ಇದೆ. ಕತ್ತಿಯ ಅರ್ಥ ಕನ್ನಡದಲ್ಲಿ ಉಳಿಯದು, 'ಕುಂದಣ' ಎಂದರೆ ಎರಡನೆಯದಾದರೂ ಉಳಿಯುತ್ತದೆ. ಗಾಯಗೊಂಡ ಲಯರ್ಟೀಸ್ ಹೇಳುವ, ತಾನೇ ಒಡ್ಡಿದ ಉರುಲಿಗೆ ಸಿಕ್ಕ ಹಕ್ಕಿಯ ಮಾತಿಗೆ ನಮ್ಮಲ್ಲಿ ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ ಎಂಬ ಸಿದ್ಧ ನುಡಿ ಇದೆ, ಆದರೂ ಉರುಲನ್ನೇ ಇಡಿ. ಆಗ ತಾನೇ ಸಮಾಧಿಯ ಹಳ್ಳವನ್ನು ಕಣ್ಣಾರೆ ತೋರಿಸಿರುವಾಗ ಹಳ್ಳ ಎಂದರೆ ದಾರಿ ತಪ್ಪುತ್ತದೆ. ರೂಪಾಂತರಕ್ಕೆ ಹೊರಟವರು ಕುವೆಂಪು ಅವರ 'ರಕ್ತಾಕ್ಷಿ'ಯನ್ನು ನೋಡಲೇಬೇಕು. ಈ ವಸ್ತು ಬಿದನೂರಿಗೆ ಬಂದಾಗ ಓಫೀಲಿಯಾಳ ಸ್ಥಾನದ ರುದ್ರಾಂಬೆಗೇ ಸೇಡಿನ ಕೆಂಗಣ್ಣು ಬರುತ್ತದೆ, ಅಣ್ಣನ ಪಾತ್ರದ ಭಾರ ಎತ್ತ ಸರಿಯಬಹುದು ಎಂಬುದಕ್ಕೆ ಅದು ದೊಡ್ಡ ಪಾಠ.

ಪರವಾನಗಿ ವಾಣಿಜ್ಯೇತರ ಬಳಕೆಗೆ, ಮೂಲದ ಹೆಸರು ಹೇಳುವ ಷರತ್ತಿನ ಮೇಲೆ. ಟಿಕೆಟ್ ಇಟ್ಟು ಆಡುವವರು ಸಂಸ್ಥೆಯನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಬೇರೆ ಪ್ರತಿಗಳ ಪಕ್ಕದಲ್ಲಿ ಇಟ್ಟರೆ? 2006ರ ಆರ್ಡನ್ ಮೂರನೇ ಸರಣಿ, ಆನ್ ಥಾಂಪ್ಸನ್ ಮತ್ತು ನೀಲ್ ಟೇಲರ್ ಸಂಪಾದಿಸಿದ್ದು, ಎರಡನೇ ಕ್ವಾರ್ಟೊವನ್ನು ಮಾತ್ರ ಒಳಗಿಟ್ಟು ಫೋಲಿಯೊದ ವಿಶೇಷ ಸಾಲುಗಳನ್ನು ಅನುಬಂಧಕ್ಕೆ ಕಳಿಸುತ್ತದೆ. ತಂಗಿಯನ್ನು ನೋಡಿ ಹೇಳುವ ಆ ಮೂರು ಸಾಲು ಅಲ್ಲಿ ಪುಸ್ತಕದ ಕೊನೆಗೆ ಹೋಗಿದೆ. ಜೊತೆ ಸಂಪುಟದಲ್ಲಿ 1603 ಮತ್ತು 1623ರ ಪಠ್ಯಗಳು ಪೂರ್ತಿ ಸಿಗುತ್ತವೆ, ಟಿಪ್ಪಣಿ ಆಳವಾದದ್ದು. ನಿರ್ದೇಶಕರ ಮೇಜಿನ ಮೇಲೆ ಅದು ಇರಲೇಬೇಕು. ಜಿ. ಆರ್. ಹಿಬ್ಬರ್ಡ್ ಸಂಪಾದಿಸಿದ 1987ರ ಆಕ್ಸ್‌ಫರ್ಡ್ ಪ್ರತಿ ಇದರ ತಿರುವುಮುರುವು: ಫೋಲಿಯೊ ಒಳಗೆ, ಎರಡನೇ ಕ್ವಾರ್ಟೊದ ಹೆಚ್ಚುವರಿ ಭಾಗ ಅನುಬಂಧದಲ್ಲಿ. ಅಲ್ಲಿ ನಾನೇ ಕರಣವಾಗುತ್ತೇನೆ ಎಂಬ ಬೇಡಿಕೆ ಕೊನೆಗೆ ಸರಿದಿದೆ. ನಟನ ಕೈಗೆ ಒಂದೇ ಪ್ರತಿ ಕೊಡಬೇಕಾದರೆ ನಮ್ಮ ಆಯ್ಕೆ ಫೋಲ್ಜರ್. ಎರಡೂ ಲಯರ್ಟೀಸರು ಒಂದೇ ಪುಟದಲ್ಲಿ, ಯಾರು ಯಾರೆಂಬ ಗುರುತಿನೊಂದಿಗೆ ಸಿಗುವುದು ಈ ಮೂರರಲ್ಲಿ ಇಲ್ಲಿ ಮಾತ್ರ.

ಒಂದು ಕಂಸವನ್ನು ಕೊನೆಗೆಂದು ಉಳಿಸಿದ್ದೇವೆ. ಸಾಯುವ ಮುನ್ನ ಲಯರ್ಟೀಸ್ ರಾಜನ ಮೇಲೆ ಹೊಣೆ ಹೇಳಿ, ಹ್ಯಾಮ್ಲೆಟನೊಂದಿಗೆ ಕ್ಷಮೆಯ ವಿನಿಮಯ ಬೇಡುತ್ತಾನೆ. ನನ್ನ ಮತ್ತು ಅಪ್ಪನ ಸಾವು ನಿನ್ನ ಮೇಲೆ ಬಾರದಿರಲಿ, ನಿನ್ನದು ನನ್ನ ಮೇಲೆ ಬಾರದಿರಲಿ. ಸಾಯುತ್ತಾನೆ ಎಂಬ ಸೂಚನೆ ಅಲ್ಲಿಯೇ ಇದೆ, ಮೊನೆಕಂಸದಲ್ಲಿ. ದೇವರು ನಿನ್ನನ್ನು ಬಿಡುಗಡೆ ಮಾಡಲಿ ಎಂದು ಹ್ಯಾಮ್ಲೆಟ್ ಹೇಳುವುದು ಅದರ ನಂತರ. ಎರಡನೇ ಕ್ವಾರ್ಟೊದಲ್ಲಿ ಆ ಸೂಚನೆಯೇ ಇಲ್ಲ. ಫೋಲಿಯೊದಂತೆ ಆಡಿದರೆ ಲಯರ್ಟೀಸನಿಗೆ ಕ್ಷಮೆ ಕೇಳಿಸುವುದಿಲ್ಲ, ಸೂಚನೆಯನ್ನು ಒಂದು ಸಾಲು ಕೆಳಗಿಳಿಸಿದರೆ ಕೇಳಿಸುತ್ತದೆ. ಮೊದಲ ರೀಡಿಂಗ್ ದಿನವೇ ಹ್ಯಾಮ್ಲೆಟ್, ಲಯರ್ಟೀಸ್ ಇಬ್ಬರ ಪ್ರತಿಯಲ್ಲೂ ಅದನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿಸಿ.